ಎರಡನೇ ಸೀಡಿ

2002ರ ಬೇಸಿಗೆ ರಜೆ. ಕೊಪ್ಪಳದಲ್ಲಿ ಮಾಮನ ಮನೆ. ಹೊರಗೆ ಕೋಟೆ ಗುಡ್ಡದ ಬಂಡೆಗಳು ಕಾದ ಹಂಚಿನ ಹಾಗೆ ಕಾಣುತ್ತಿದ್ದವು. ಒಳಗೆ ಕಿಟಕಿಗೆ ಹಸಿ ಗೋಣಿಚೀಲ ಕಟ್ಟಿ, ಬಾಗಿಲು ಮುಂದೆ ಮಾಡಿ, ನಾವು ಐದು ಮಕ್ಕಳು ಟಿವಿ ಮುಂದೆ ಕೂತಿದ್ದೆವು. ನನಗೆ ಆಗ ಒಂಬತ್ತು ವರ್ಷ. ಮಾಮ ಸೀಡಿ ಅಂಗಡಿಯಿಂದ ಹತ್ತು ರೂಪಾಯಿ ಬಾಡಿಗೆಗೆ ಒಂದು ಪಿಚ್ಚರ್ ತಂದಿದ್ದ. ಒಂದೇ ಪಿಚ್ಚರಿಗೆ ಎರಡು ಸೀಡಿ. ಆಗ ಎಲ್ಲಾ ಹಂಗೇ ಇರ್ತಿದ್ವು ಅಲ್ವಾ, ಅರ್ಧ ಆದ ಮೇಲೆ ಎದ್ದು ಹೋಗಿ ಬದಲಿಸಬೇಕಿತ್ತು.

ಆ ಪಿಚ್ಚರ್ 'ಟಾಯ್ ಸ್ಟೋರಿ'. ಪೂರ್ತಿಯಾಗಿ ಕಂಪ್ಯೂಟರ್‌ನಲ್ಲೇ ಮಾಡಿದ ಜಗತ್ತಿನ ಮೊದಲ ಪೂರ್ಣ ಉದ್ದದ ಸಿನಿಮಾ. ಅಮೆರಿಕದಲ್ಲಿ 1995ರಲ್ಲೇ ಬಂದಿತ್ತು. ನಮಗೆ ಅದೇನೂ ಗೊತ್ತಿರಲಿಲ್ಲ. ನಮ್ಮ ಪಾಲಿಗೆ ಅದು ಅವತ್ತೇ ಹುಟ್ಟಿದ್ದು.

ಮಾತೆಲ್ಲ ಇಂಗ್ಲಿಷ್. ದೊಡ್ಡವ್ವನ ಮಗ ಅಣ್ಣ ಒಬ್ಬನೇ ಇಂಗ್ಲಿಷ್ ಮೀಡಿಯಂನಲ್ಲಿ ಓದುತ್ತಿದ್ದ. ಅವನು ಹೇಳಿದ್ದೇ ನಮಗೆ ಕತೆ. ಹುಡುಗ ಕೋಣೆಯಿಂದ ಹೊರಗೆ ಹೋದ ಕೂಡಲೇ ಗೊಂಬೆಗಳೆಲ್ಲ ಎದ್ದು ಓಡಾಡುತ್ತವೆ. ಹೆಜ್ಜೆ ಸಪ್ಪಳ ಕೇಳಿದರೆ ಸಾಕು, ಎಲ್ಲಿದ್ದವೋ ಅಲ್ಲೇ ದೊಪ್ಪನೆ ಬಿದ್ದುಬಿಡುತ್ತವೆ. ಟೋಪಿ ಹಾಕಿದ ವುಡಿ ಹಳೇ ಗೊಂಬೆ. ಹೊಸದಾಗಿ ಬಂದ ಬಜ್‌ಗೆ ತಾನು ಗೊಂಬೆ ಅಂತಲೇ ಗೊತ್ತಿಲ್ಲ, ನಿಜವಾಗಿ ಆಕಾಶದಿಂದ ಬಂದವನು ಅಂದುಕೊಂಡಿದ್ದಾನೆ. ಇಬ್ಬರಿಗೂ ಹೊಟ್ಟೆಕಿಚ್ಚು, ಜಗಳ. ಕೊನೆಗೆ ಇಬ್ಬರೂ ಪಕ್ಕದ ಮನೆಯ ಸಿಡ್ ಅನ್ನುವ ಹುಡುಗನ ಕೈಗೆ ಸಿಗುತ್ತಾರೆ.

ಸಿಡ್ ಗೊಂಬೆಗಳನ್ನು ಮುರಿಯುವವನು. ತಂಗಿಯ ಕೈಯಿಂದ ಗೊಂಬೆ ಕಸಿದು, ತಲೆ ಕಿತ್ತು, ಅದಕ್ಕೆ ಉದ್ದ ಕೊಕ್ಕಿನ ಯಾವುದೋ ಪ್ರಾಣಿಯ ತಲೆ ಕೂಡಿಸುತ್ತಾನೆ. ಅವನು ಹೊರಗೆ ಹೋದ ಮೇಲೆ ಕೋಣೆ ಕತ್ತಲು. ಮಂಚದ ಕೆಳಗಿನಿಂದ ಏನೋ ತೆವಳಿಕೊಂಡು ಬರುತ್ತದೆ. ಒಂದು ಕೂಸಿನ ತಲೆ. ಒಂದೇ ಕಣ್ಣು. ತಲೆಯ ಕೆಳಗೆ ಮೈಯೇ ಇಲ್ಲ, ಜೇಡದ ಹಾಗೆ ಕಬ್ಬಿಣದ ಕಾಲುಗಳು. ಅದರ ಹಿಂದೆ ಇನ್ನೊಂದು, ಮತ್ತೊಂದು. ಎಲ್ಲವೂ ಅರ್ಧ ಅದು, ಅರ್ಧ ಇದು.

"ಅವು ದೆವ್ವ ಆಗ್ಯಾವು," ಅಂದ ಅಣ್ಣ. "ಮುರುದು ಕೂಡಿಸಿದ ಗೊಂಬಿ ಎಲ್ಲಾ ಹಿಂಗಾ ಆಗತಾವು."

ಅಷ್ಟೊತ್ತಿಗೆ ಮೊದಲ ಸೀಡಿ ಮುಗಿಯಿತು. ಎರಡನೆಯದನ್ನು ಹಾಕಿದೆವು. ಪರದೆ ತುಂಬ ಹಸಿರು, ನೇರಳೆ ಚೌಕಗಳು. ಗರ್ ಗರ್ ಸದ್ದು. ತೆಗೆದು, ಲಂಗದಿಂದ ಒರೆಸಿ, ಊದಿ, ಮತ್ತೆ ಹಾಕಿದೆವು. ಬರಲಿಲ್ಲ. ಹಿಂದೆ ಯಾರೋ ಅದನ್ನು ಉದ್ದಕ್ಕೂ ಗೀಚಿಬಿಟ್ಟಿದ್ದರು. ಅಂಗಡಿಯಲ್ಲಿ ಇದ್ದದ್ದೂ ಅದೊಂದೇ. ಹಾಗಾಗಿ ನನ್ನ ಬಾಲ್ಯದ ಆ ಸಿನಿಮಾ ಮುಗಿದದ್ದು ಅಲ್ಲೇ, ಆ ಕತ್ತಲೆ ಕೋಣೆಯಲ್ಲಿ, ಒಂದು ಕಣ್ಣಿನ ಕೂಸು ವುಡಿಯ ಕಡೆ ಬರುತ್ತಿರುವಾಗ.

ಗೊಂಬೆಗೆ ಜೀವ ಬರುವುದು ನಮ್ಮ ಕಡೆ ಹೊಸದೇನಲ್ಲ. ಇದೇ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು, ತೊಗಲು ಗೊಂಬೆ ಆಡಿಸಿದ್ದಕ್ಕೆ. ಪರದೆ ಹಿಂದೆ ದೀಪ ಹಚ್ಚಿದ ಕೂಡಲೇ ಹದ ಮಾಡಿದ ತೊಗಲಿನ ತುಂಡು ರಾಮನೋ ರಾವಣನೋ ಆಗಿಬಿಡುತ್ತದೆ. ಆದರೆ ಅಲ್ಲಿ ಹಿಂದೆ ಒಂದು ಕೈ ಇರುತ್ತದೆ, ಹಾಡುವ ದನಿ ಇರುತ್ತದೆ. ಯಾರೂ ಆಡಿಸದೆ, ನಾವು ನೋಡದಿದ್ದಾಗ ತಮ್ಮಷ್ಟಕ್ಕೆ ತಾವೇ ಏಳುವ ಗೊಂಬೆಗಳನ್ನು ನಾನು ಕಂಡದ್ದು ಅದೇ ಮೊದಲು.

ಮಾಮನ ಮನೆಯ ಪಡಸಾಲೆಯಲ್ಲಿ ಗಾಜಿನ ಬಾಗಿಲಿನ ಒಂದು ಕಪಾಟಿತ್ತು. ಅದು ಅಜ್ಜಿಯದು. ಅದರಲ್ಲಿ ಅಲ್ಲೇ ಹತ್ತಿರದ ಕಿನ್ನಾಳ ಅನ್ನುವ ಊರಿನ ಬಣ್ಣದ ಕಟ್ಟಿಗೆ ಗೊಂಬೆಗಳು. ಒಂದು ಗರುಡ, ಗಂಡ ಹೆಂಡತಿ ಜೋಡಿ, ಒಂದು ಗಿಳಿ, ಒಂದು ಆಕಳು. ಆಕಳು ನನ್ನದು ಅಂತ ಅಜ್ಜಿ ಹೇಳಿದ್ದಳು. ಬಿಳಿ ಮೈ, ಕೊಂಬಿನ ತುದಿಗೆ ಬಂಗಾರದ ಬಣ್ಣ, ಕೊರಳಲ್ಲಿ ಕೆಂಪು ಗಂಟೆಯ ಸರ. ನನಗೆ ಐದು ವರ್ಷ ಇದ್ದಾಗ ಅದನ್ನು ಕಟ್ಟೆಯಿಂದ ಬೀಳಿಸಿ ಹಿಂಗಾಲು ಮುರಿದಿದ್ದೆ. ಅಜ್ಜಿ ಒಂದು ಬಿದಿರಿನ ಸೀಳು ಇಟ್ಟು, ತನ್ನ ಹಳೇ ಕಪ್ಪು ಸೀರೆಯ ಚೂರು ಸುತ್ತಿ, ಅಂಟು ಹಚ್ಚಿ ಕೂಡಿಸಿದ್ದಳು. ಮೂರು ಬಿಳಿ ಕಾಲು, ಒಂದು ಕರಿ ಕಾಲು. ಅವತ್ತಿನವರೆಗೂ ಅದನ್ನು ತಬ್ಬಿಕೊಂಡೇ ಮಲಗುತ್ತಿದ್ದೆ.

ಆ ಸಂಜೆ ನಾನು ಯಾರಿಗೂ ಹೇಳದೆ ಕಪಾಟಿನ ಹಲಗೆ ಮೇಲೆ ತೆಳ್ಳಗೆ ಜೋಳದ ಹಿಟ್ಟು ಉದುರಿಸಿದೆ. ರಾತ್ರಿ ಅವು ಓಡಾಡಿದರೆ ಹೆಜ್ಜೆ ಮೂಡಬೇಕಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ನೋಡಿದೆ. ಗರುಡನ ಸುತ್ತ ಏನೂ ಇಲ್ಲ. ಗಿಳಿಯ ಹತ್ತಿರವೂ ಇಲ್ಲ. ಆಕಳಿನ ಕರಿ ಕಾಲಿನ ಪಕ್ಕದಿಂದ ಹಲಗೆಯ ತುದಿವರೆಗೆ ಹಿಟ್ಟಿನಲ್ಲಿ ಒಂದು ಸಣ್ಣ ಗೀಟು. ಎರಡೂ ಬದಿಗೆ ಚುಕ್ಕೆ ಚುಕ್ಕೆ.

ಅದು ಹಲ್ಲಿ ಬಾಲ ಎಳೆದ ಗುರುತು ಅಂತ ಈಗ ಗೊತ್ತು. ಅವತ್ತು ನನ್ನ ಕೈಕಾಲು ತಣ್ಣಗಾಗಿದ್ದವು. ಸೆರಗಿನ ತುದಿಯಿಂದ ಹಿಡಿದ ಹಾಗೆ ಒಂದು ಟವೆಲ್‌ನಲ್ಲಿ ಆಕಳನ್ನು ಸುತ್ತಿ, ಒಳಕೋಣೆಯ ತಗಡಿನ ಟ್ರಂಕಿನ ತಳಕ್ಕೆ, ಚಾದರಗಳ ಅಡಿಗೆ ತುರುಕಿದೆ. ಕೊಂಡಿ ಹಾಕಿದೆ. ಅಜ್ಜಿ ಎರಡು ದಿನ ಬಿಟ್ಟು ಕೇಳಿದಳು, "ಯವ್ವಾ, ಆಕಳಾ ಎಲ್ಲೈತಿ?" ಗೊತ್ತಿಲ್ಲ ಅಂದೆ. ಅವಳು ನನ್ನ ಮುಖ ನೋಡಿ ಸುಮ್ಮನಾದಳು. ಮತ್ತೆ ಯಾವತ್ತೂ ಕೇಳಲಿಲ್ಲ. ಆ ನೋಟ ನನಗೆ ಇನ್ನೂ ನೆನಪಿದೆ. ತಾನು ಕೂಡಿಸಿಕೊಟ್ಟದ್ದು ನನಗೆ ಬೇಡವಾಯಿತು ಅಂತ ಅವಳಿಗೆ ಅನ್ನಿಸಿತೇನೋ.

ಅಜ್ಜಿ 2009ರಲ್ಲಿ ಹೋದಳು. ಮರುವರ್ಷ ಆ ಸಿನಿಮಾದ ಮೂರನೇ ಭಾಗ ಬಂತು. ನಾನಾಗ ಬಳ್ಳಾರಿಯ ಹಾಸ್ಟೆಲ್ಲಿನಲ್ಲಿದ್ದೆ. ಗೆಳತಿಯ ಲ್ಯಾಪ್‌ಟಾಪ್ ಸುತ್ತ ಎಂಟು ಜನ ಕೂತು ನೋಡಿದೆವು. ಹುಡುಗ ದೊಡ್ಡವನಾಗಿ ಕಾಲೇಜಿಗೆ ಹೊರಟು, ತನ್ನ ಗೊಂಬೆಗಳನ್ನು ಒಂದು ಸಣ್ಣ ಹುಡುಗಿಗೆ ಕೊಟ್ಟು ಹೋಗುತ್ತಾನೆ. ಎಲ್ಲರೂ ಅತ್ತರು, ನಾನು ಜಾಸ್ತಿ ಅತ್ತೆ. ವುಡಿ ಮತ್ತು ಬಜ್ ಸಿಡ್‌ನ ಮನೆಯಿಂದ ಹೇಗೋ ಪಾರಾದರು ಅನ್ನುವುದು ಅವತ್ತು ಗೊತ್ತಾಯಿತು. ಹೇಗೆ ಅಂತ ತಿಳಿದುಕೊಳ್ಳಲು ಮೊದಲ ಭಾಗಕ್ಕೆ ಮಾತ್ರ ವಾಪಸ್ ಹೋಗಲಿಲ್ಲ. ಆ ಮಂಚದ ಕೆಳಗಿನ ಕತ್ತಲೆ ನನಗೆ ಬೇಡವಾಗಿತ್ತು.

ಮೊನ್ನೆ 2025ರ ದಸರಾ ರಜೆಗೆ ಮಗಳನ್ನು ಕರೆದುಕೊಂಡು ಮಾಮನ ಮನೆಗೆ ಹೋಗಿದ್ದೆ. ಅವಳಿಗೆ ಏಳು ವರ್ಷ. ಹೊರಗೆ ಜಿಟಿಜಿಟಿ ಮಳೆ. ಟಿವಿಯಲ್ಲಿ ಏನೋ ಹುಡುಕುತ್ತಾ ಅವಳೇ ಆ ಸಿನಿಮಾ ಹಾಕಿದಳು. ನಾನು ಅಡುಗೆಮನೆಗೆ ಏಳಬೇಕು ಅಂದುಕೊಂಡವಳು ಏಳಲಿಲ್ಲ.

ಈಗ ನೋಡಿದರೆ ಅದರಲ್ಲಿ ಮನುಷ್ಯರೇ ಗೊಂಬೆಗಳ ಹಾಗೆ ಬಿಗಿಯಾಗಿ ಕಾಣುತ್ತಾರೆ, ಗೊಂಬೆಗಳೇ ಜೀವಂತ. ಅದಕ್ಕೆ ಕಾರಣ ಇದೆ. ಆ ಕಾಲದ ಕಂಪ್ಯೂಟರಿನಲ್ಲಿ ಚರ್ಮ, ಕೂದಲು ಮೂಡಿಸುವುದು ಬಹಳ ಕಷ್ಟ. ಏನು ಮಾಡಿದರೂ ಪ್ಲಾಸ್ಟಿಕ್ಕಿನ ಹಾಗೆ ಕಾಣುತ್ತಿತ್ತು. ಹಾಗಾಗಿ ಅದನ್ನು ಮಾಡಿದ ಪಿಕ್ಸಾರ್ ಕಂಪನಿಯವರಿಗೆ, ನಿರ್ದೇಶಕ ಜಾನ್ ಲ್ಯಾಸೆಟರ್‌ಗೆ, ಪ್ಲಾಸ್ಟಿಕ್ ಗೊಂಬೆಗಳ ಕತೆಯೇ ಕೈಗೆ ಹೊಂದುವ ಕತೆಯಾಯಿತು. ಕೈಯಲ್ಲಿ ಇದ್ದದ್ದು ಎಷ್ಟೋ ಅಷ್ಟರಲ್ಲೇ ಇಷ್ಟು ಒಳ್ಳೆಯದನ್ನು ಮಾಡಿದರಲ್ಲ ಅಂತ ನನಗೆ ಅವರ ಮೇಲೆ ಬಹಳ ಪ್ರೀತಿ.

ಸಿಡ್‌ನ ಕೋಣೆ ಬಂತು. ಒಂದು ಕಣ್ಣಿನ ಕೂಸು ಬಂತು. ನನ್ನ ಕೈ ತಾನಾಗಿಯೇ ಮಗಳ ಕಣ್ಣು ಮುಚ್ಚಲು ಹೋಯಿತು. ಅವಳು ಕೈ ಸರಿಸಿದಳು. "ಸುಮ್ನೆ ಕೂಡಮ್ಮಾ, ಮುಂದ ಐತಿ ನೋಡು." ಅವಳು ಆಗಲೇ ಎರಡು ಸಲ ನೋಡಿದ್ದಳಂತೆ.

ಇಪ್ಪತ್ಮೂರು ವರ್ಷ ಆದ ಮೇಲೆ ನನ್ನ ಎರಡನೇ ಸೀಡಿ ಓಡಿತು.

ಬಜ್ ತಾನು ಬರೀ ಗೊಂಬೆ ಅಂತ ಟಿವಿ ಜಾಹೀರಾತು ನೋಡಿ ತಿಳಿಯುತ್ತಾನೆ. ನಂಬಲಾಗದೆ ಮೆಟ್ಟಿಲ ಮೇಲಿಂದ ಹಾರಲು ಹೋಗಿ ಬೀಳುತ್ತಾನೆ. ತೋಳು ಕಿತ್ತು ಬರುತ್ತದೆ. ಆ ಅರ್ಧಂಬರ್ಧ ಗೊಂಬೆಗಳೆಲ್ಲ ಬಂದು ಅವನನ್ನು ಮುತ್ತಿಕೊಳ್ಳುತ್ತವೆ. ತಿಂದೇಬಿಡುತ್ತವೆ ಅಂತ ವುಡಿ ಕೂಗಾಡುತ್ತಾನೆ. ಅವು ಪಕ್ಕಕ್ಕೆ ಸರಿದಾಗ ಬಜ್‌ನ ತೋಳು ಇದ್ದ ಜಾಗದಲ್ಲೇ ಗಟ್ಟಿಯಾಗಿ ಕೂತಿದೆ. ಸಿಡ್‌ನ ತಂಗಿಯ ಗೊಂಬೆಗೂ ಅದರ ತಲೆ ವಾಪಸ್ ಬಂದಿದೆ. ಅವು ರಿಪೇರಿ ಮಾಡುತ್ತಿದ್ದವು! ಅಷ್ಟೂ ಹೊತ್ತು ಅವು ಬಂದದ್ದು ಅದಕ್ಕೇ. ಕೊನೆಗೆ ಬಜ್‌ನನ್ನು ರಾಕೆಟ್ಟಿಗೆ ಕಟ್ಟಿದ ಸಿಡ್‌ನನ್ನು ಹೆದರಿಸಿ ಓಡಿಸುವುದೂ ಅವುಗಳೇ, ವುಡಿಯ ಜೊತೆ ಸೇರಿ.

ನಾನು ಎದ್ದು ಒಳಕೋಣೆಗೆ ಹೋದೆ. ಟ್ರಂಕ್ ಅಲ್ಲೇ ಇತ್ತು, ಅದರ ಮೇಲೆ ಈಗ ಅಕ್ಕಿ ಚೀಲ. ಮಾಮಿಗೆ ಏನು ಹೇಳಬೇಕೋ ಗೊತ್ತಾಗದೆ ಚೀಲ ಇಳಿಸಿ ಚಾದರ ಒಂದೊಂದಾಗಿ ತೆಗೆದೆ. ತಳದಲ್ಲಿ ಟವೆಲ್ ಇತ್ತು. ಆಕಳಿನ ಬಣ್ಣ ಹಳದಿಗೆ ತಿರುಗಿತ್ತು, ಒಂದು ಕಿವಿಯ ತುದಿ ಮುಕ್ಕಾಗಿತ್ತು. ಕರಿ ಕಾಲು ಮಾತ್ರ ಒಂಚೂರೂ ಅಲುಗಿರಲಿಲ್ಲ. ಅದನ್ನು ಹಿಡಿದುಕೊಂಡು ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಅಜ್ಜಿ ಹೋದಾಗ ಬಾರದ ಅಳು ಅವತ್ತು ಬಂತು.

ಮರುದಿನ ಮಗಳ ಜೊತೆ ಕಿನ್ನಾಳದ ಬಸ್ ಹತ್ತಿದೆ. ಕಿವಿ ಸರಿ ಮಾಡಿಸಬೇಕು, ಕಾಲಿಗೆ ಬಿಳಿ ಬಣ್ಣ ಹಾಕಿಸಬೇಕು ಅಂತ ಮನಸ್ಸಿನಲ್ಲಿತ್ತು.

ಕಿನ್ನಾಳದಲ್ಲಿ ಗೊಂಬೆ ಮಾಡುವವರು ಚಿತ್ರಗಾರರು. ಹಂಪಿಯ ಗುಡಿಯ ಛತ್ತಿನ ಚಿತ್ರಗಳನ್ನು ಬರೆದವರು ಇವರ ಹಿರಿಯರೇ ಅಂತ ಹೇಳುತ್ತಾರೆ. ನಾವು ಹೋದ ಮನೆಯ ಪಡಸಾಲೆಯಲ್ಲಿ ಹಿರಿಯರೊಬ್ಬರು ಗರುಡನ ರೆಕ್ಕೆಗೆ ಬಟ್ಟೆ ಅಂಟಿಸುತ್ತಿದ್ದರು. ಹೌದು, ಬಟ್ಟೆ. ಮಗಳು ಅವರ ಮುಂದೆಯೇ ಕುಕ್ಕರಗಾಲಲ್ಲಿ ಕೂತಳು. ಅವರು ಕೆಲಸ ನಿಲ್ಲಿಸದೆ ಅವಳಿಗೆ ತೋರಿಸುತ್ತಾ ಹೋದರು. ಹಗುರ ಕಟ್ಟಿಗೆಯಲ್ಲಿ ಕೈ, ಕಾಲು, ಮೈ ಬೇರೆ ಬೇರೆ ಕೆತ್ತುವುದು. ಹುಣಸೆ ಬೀಜದ ಅಂಟಿನಿಂದ ಕೂಡಿಸುವುದು. ಸೆಣಬಿನ ಚೂರನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಅದೇ ಅಂಟಿನಲ್ಲಿ ಕಲಸಿದರೆ ಕಿಟ್ಟ. ಸಂದು ಮುಚ್ಚಲು, ಮೈಗೆಲ್ಲ ಬಳಿಯಲು ಅದು ಬೇಕು. ಅದರ ಮೇಲೆ ಮೈ ತುಂಬ ಹತ್ತಿ ಬಟ್ಟೆಯ ಚೂರು. ಅದರ ಮೇಲೆ ಕಲ್ಲಿನ ಪುಡಿಯ ಲೇಪ. ಆಮೇಲೆ ಬಣ್ಣ.

"ಅಂದ್ರ ಎಲ್ಲಾ ಗೊಂಬಿ ಒಳಗೂ ಅರಿಬಿ ಐತೇನ್ರಿ ಅಜ್ಜಾ?" ಅಂದಳು ಮಗಳು.

"ಎಲ್ಲಾದ್ರಾಗೂ ಐತವಾ. ಮ್ಯಾಲ ಬಣ್ಣ ಇರತೈತಿ, ಕಾಣಂಗಿಲ್ಲ."

ನಾನು ಚೀಲದಿಂದ ಆಕಳು ತೆಗೆದು ಕೊಟ್ಟೆ. ಅವರು ಕನ್ನಡಕ ಏರಿಸಿ ಕಾಲನ್ನು ತಿರುಗಿಸಿ ತಿರುಗಿಸಿ ನೋಡಿದರು. ಉಗುರಿನಿಂದ ಕಪ್ಪು ಬಟ್ಟೆಯ ಅಂಚು ಕೆರೆದು ಮೂಸಿದರು.

"ಇದನ್ನ ಕೂಡಿಸಿದವರು ಯಾರ್ರೀ?"

"ನಮ್ಮಜ್ಜಿ."

"ಹುಣಸಿ ಬೀಜದ ಅಂಟು ಹಾಕ್ಯಾರ. ಬಟ್ಟಿ ಬಿಗಿ ಮಾಡಿ ಸುತ್ತ್ಯಾರ. ಯಾರೋ ಹೇಳಿಕೊಟ್ಟಿರಬೇಕು, ಇಲ್ಲಾ ಇಲ್ಲಿ ಕೂತು ನೋಡಿರಬೇಕು." ಅವರು ಕಾಲನ್ನು ಒಮ್ಮೆ ಎಳೆದು ನೋಡಿದರು. "ನಾ ಬಿಚ್ಚಂಗಿಲ್ಲ ಇದನ್ನ. ಇದಕ್ಕಿಂತ ಚಲೋ ನನಗೂ ಮಾಡಾಕ ಬರಂಗಿಲ್ಲ."

ಅಜ್ಜಿಗೆ ಅದು ಎಲ್ಲಿಂದ ಗೊತ್ತಿತ್ತು? ಈಗ ಕೇಳುವವರು ಯಾರೂ ಇಲ್ಲ. ಬಸ್ಸಿನಲ್ಲಿ ಬಂದು, ಇಂಥದೇ ಒಂದು ಪಡಸಾಲೆಯಲ್ಲಿ ಕೂತು, ಮೊಮ್ಮಗಳ ಆಕಳಿಗೆ ಕಾಲು ಹಚ್ಚುವುದು ಹೇಗೆ ಅಂತ ಕೇಳಿ ಹೋಗಿದ್ದಳೇನೋ. ಅವಳು ಆ ಬೀಜ ಹುರಿದು, ನೆನೆಸಿ, ಒರಳಿನಲ್ಲಿ ಅರೆದದ್ದನ್ನು ಊಹಿಸಿಕೊಂಡೆ. ಒಂದು ಕಾಲಿಗಾಗಿ ಎಷ್ಟು ಕೆಲಸ.

ಕಿವಿಗೆ ಅವರು ಒಂದು ಚಿಟಿಕೆ ಕಿಟ್ಟ ಇಟ್ಟು ಬೆರಳಿನಿಂದ ತೀಡಿದರು. ದುಡ್ಡು ತಗೊಳ್ಳಲಿಲ್ಲ. ನಾವು ಒಂದು ಗಿಳಿ ಕೊಂಡೆವು. ಕಾಲಿಗೆ ಬಿಳಿ ಬಣ್ಣ ಹಾಕಲೇ ಅಂತ ಅವರು ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ ಮಗಳು ಅಂದಳು, "ಬ್ಯಾಡ್ರಿ. ಅದು ಅಜ್ಜಿ ಕಾಲು."

ಬಸ್ಸಿನಲ್ಲಿ ಅವಳು ಆಕಳನ್ನು ಕಿಟಕಿಯ ಕಡೆ ಮುಖ ಮಾಡಿ ಹಿಡಿದುಕೊಂಡಿದ್ದಳು. ಜೋಳದ ಹೊಲ ಬಂದಾಗೆಲ್ಲ ಸ್ವಲ್ಪ ಮೇಲೆ ಎತ್ತುತ್ತಿದ್ದಳು, ಅದಕ್ಕೂ ಕಾಣಲಿ ಅಂತ.

ರಾತ್ರಿ ಮಲಗುವ ಹೊತ್ತಿಗೆ ಆಕಳನ್ನು ಪಡಸಾಲೆಯ ಕಪಾಟಿನಲ್ಲಿ, ಗರುಡನ ಪಕ್ಕ ಇಟ್ಟೆ. ಗಾಜಿನ ಬಾಗಿಲು ಹಾಕಲು ಹೋದೆ. ಹಾಸಿಗೆಯಿಂದ ಮಗಳು ಕೂಗಿದಳು.

"ಅಮ್ಮಾ, ಕದ ಹಾಕಬ್ಯಾಡ. ಅದಕ್ಕ ತಗಿಯಾಕ ಬರಂಗಿಲ್ಲ."

ಬಾಗಿಲು ಹಾಗೇ ಬಿಟ್ಟು, ದೀಪ ಆರಿಸಿ, ಬಂದು ಅವಳ ಪಕ್ಕ ಮಲಗಿದೆ.