ನಿಕೊಲಾ ಪಿಸಾನೊನ ಶಿಲ್ಪಗಳನ್ನು ಅರಸಿ: ಪೀಸಾ, ಸಿಯೆನಾ, ಪಿಸ್ಟೋಯಾ

ಹದಿಮೂರನೆಯ ಶತಮಾನದ ಶಿಲ್ಪಿ ನಿಕೊಲಾ ಪಿಸಾನೊನ ಕೆಲಸವನ್ನು ನೋಡಲೆಂದೇ ಇಟಲಿಯ ಪೀಸಾಕ್ಕೆ ಹೋಗುವವರು ಬ್ಯಾಪ್ಟಿಸ್ಟರಿಗೆ, ಅಂದರೆ ದೀಕ್ಷಾಸ್ನಾನದ ಕಟ್ಟಡಕ್ಕೆ, ನೇರವಾಗಿ ಹೋಗದೆ, ಕ್ಯಾಥೆಡ್ರಲ್ ಚೌಕದ ಉತ್ತರದ ಅಂಚಿನಲ್ಲಿರುವ ಕಾಂಪೊಸಾಂಟೊ ಎಂಬ ಹಳೆಯ ಸಮಾಧಿ ಪ್ರಾಂಗಣವನ್ನು ಮೊದಲು ನೋಡುವುದು ಒಳ್ಳೆಯದು. ನಾನು ಇದನ್ನು ತಿರುಗುಮುರುಗಾಗಿ ಮಾಡಿದೆ. ಪ್ರತಿ ಕಟ್ಟಡಕ್ಕೂ ಟಿಕೆಟ್ ಒಂದೇ ಪ್ರವೇಶಕ್ಕೆ ಸಲ್ಲುವುದರಿಂದ, ಮಧ್ಯಾಹ್ನ ಇನ್ನೊಂದು ಟಿಕೆಟ್ ಕೊಂಡು ಮತ್ತೆ ಬ್ಯಾಪ್ಟಿಸ್ಟರಿಗೆ ಹೋಗಬೇಕಾಯಿತು.

ಈ ಕ್ರಮಕ್ಕೆ ಕಾರಣವಿದೆ. ಕಾಂಪೊಸಾಂಟೊದ ಮೊಗಸಾಲೆಗಳಲ್ಲಿ ರೋಮನ್ ಕಾಲದ ಕಲ್ಲಿನ ಶವಪೆಟ್ಟಿಗೆಗಳು ಸಾಲಾಗಿವೆ. ಪೀಸಾದ ಸಿರಿವಂತ ಮನೆತನಗಳು ತಮ್ಮವರನ್ನು ಹೂಳಲು ಇವನ್ನೇ ಮತ್ತೆ ಬಳಸಿಕೊಂಡಿದ್ದವು. ಅವುಗಳಲ್ಲಿ ಒಂದರ ಮೇಲೆ ಹಿಪ್ಪೊಲಿಟಸ್ ಮತ್ತು ಫೀಡ್ರಾರ ಗ್ರೀಕ್ ಕಥೆ ಕೆತ್ತಲ್ಪಟ್ಟಿದೆ; 1076ರಲ್ಲಿ ತೀರಿಕೊಂಡ ಬಿಯಾಟ್ರಿಸ್ ಎಂಬ ಅರಸುಮನೆತನದ ಹೆಂಗಸನ್ನು ಅದರಲ್ಲಿಟ್ಟಿದ್ದರು. ನಿಕೊಲಾನ ಕಾಲದಲ್ಲಿ ಅದು ಕ್ಯಾಥೆಡ್ರಲ್‌ನ ಹೊರಗೋಡೆಯ ಬಳಿ ಎಲ್ಲರಿಗೂ ಕಾಣುವಂತೆ ಇತ್ತು. ಕುಳಿತಿರುವ ಫೀಡ್ರಾಳ ನೇರ ಮೂಗು, ತುಂಬಿದ ಕೆನ್ನೆ, ತಲೆಯ ಮೇಲಿಂದ ಇಳಿದ ಮುಸುಕಿನ ದಪ್ಪ ನೆರಿಗೆ, ಇಷ್ಟನ್ನು ಹತ್ತು ನಿಮಿಷ ನಿಂತು ಮನಸ್ಸಿಗೆ ತಂದುಕೊಂಡು, ಅಲ್ಲಿಂದ ಬ್ಯಾಪ್ಟಿಸ್ಟರಿಗೆ ನಡೆಯಿರಿ. ಅಲ್ಲಿ ನಿಕೊಲಾ ಕೆತ್ತಿದ ಪುಲ್ಪಿಟ್‌ನಲ್ಲಿ, ಅಂದರೆ ಪಾದ್ರಿಗಳು ನಿಂತು ವಾಚನ ಮಾಡುವ ಪೀಠದಲ್ಲಿ, ಮೂವರು ಜ್ಞಾನಿಗಳು ಕೂಸು ಯೇಸುವಿಗೆ ಕಾಣಿಕೆ ಕೊಡುವ ಫಲಕದಲ್ಲಿರುವ ಮೇರಿ ಅದೇ ಫೀಡ್ರಾ. ಮಗನ ವರಸೆಯವನನ್ನು ಮೋಹಿಸಿದ ರಾಣಿಯ ರೂಪವನ್ನು ದೇವಮಾತೆಗೆ ಕೊಡಲು ಆತ ಹಿಂಜರಿಯಲಿಲ್ಲ ಎನ್ನುವುದೇ ನನಗೆ ಈ ಪ್ರವಾಸದ ಅತಿ ದೊಡ್ಡ ಅಚ್ಚರಿಯಾಗಿತ್ತು.

ನಿಕೊಲಾ ಪೀಸಾದಲ್ಲಿ ಹುಟ್ಟಿದವನಲ್ಲ. ಸಿಯೆನಾದ ದಾಖಲೆಯೊಂದು ಅವನನ್ನು ಅಪೂಲಿಯಾದವನೆಂದು, ಅಂದರೆ ದಕ್ಷಿಣ ಇಟಲಿಯವನೆಂದು ಕರೆಯುತ್ತದೆ. ಪ್ರಾಚೀನ ರೋಮಿನ ಶೈಲಿಯನ್ನು ಮತ್ತೆ ಚಲಾವಣೆಗೆ ತಂದ ಎರಡನೆಯ ಫ್ರೆಡರಿಕ್ ಚಕ್ರವರ್ತಿಯ ಶಿಲ್ಪಶಾಲೆಗಳಲ್ಲಿ ಅವನು ಪಳಗಿರಬೇಕೆಂದು ವಿದ್ವಾಂಸರು ಊಹಿಸುತ್ತಾರೆ. ಪುಲ್ಪಿಟ್‌ನ ಶಾಸನದಲ್ಲಿ ಅವನ ಹೆಸರೂ 1260 ಎಂಬ ಇಸವಿಯೂ ಇವೆ. ಆದರೆ ಪೀಸಾದವರು ಹೊಸ ವರ್ಷವನ್ನು ನಮ್ಮ ಜನವರಿ ಒಂದಕ್ಕಿಂತ ಒಂಬತ್ತು ತಿಂಗಳು ಮೊದಲೇ, ಹಿಂದಿನ ಮಾರ್ಚ್ 25ರಂದು ಆರಂಭಿಸುತ್ತಿದ್ದುದರಿಂದ ಕೆಲಸ 1259ರಲ್ಲೇ ಮುಗಿದಿರಲೂಬಹುದು.

ಪೀಠಕ್ಕೆ ಆರು ಮೂಲೆ, ಐದು ಫಲಕ, ಏಳು ಕಂಬ. ಕೆಲವು ಕಂಬಗಳನ್ನು ಸಿಂಹಗಳು ಹೊತ್ತಿವೆ. ಕ್ರಿಸ್ತಜನನದ ಫಲಕದಲ್ಲಿ ಮೇರಿ ದೊಡ್ಡದಾಗಿ ನಡುವೆ ಒರಗಿ ಮಲಗಿದ್ದಾಳೆ. ಕೆಳಗೆ ಇಬ್ಬರು ಹೆಂಗಸರು ಕೂಸಿಗೆ ನೀರೆರೆಯುತ್ತಿದ್ದಾರೆ, ಮೂಲೆಯಲ್ಲಿ ಜೋಸೆಫ್ ಮುದುಡಿ ಕುಳಿತಿದ್ದಾನೆ, ಇನ್ನೊಂದು ಬದಿಯಲ್ಲಿ ಆಡು ಕುರಿಗಳಿವೆ. ಒಂದೇ ಚೌಕಟ್ಟಿನಲ್ಲಿ ಕೂಸು ಎರಡು ಸಲ ಬರುತ್ತದೆ, ತೊಟ್ಟಿಲಲ್ಲಿ ಒಮ್ಮೆ, ಸ್ನಾನದಲ್ಲಿ ಒಮ್ಮೆ. ಫಲಕಗಳ ಕೆಳಗಿನ ಮೂಲೆಗಳಲ್ಲಿ ಕಣ್ಣಾಡಿಸಿದರೆ, ಧೈರ್ಯ ಎಂಬ ಸದ್ಗುಣವನ್ನು ಬಟ್ಟೆಯಿಲ್ಲದ ಹರ್ಕ್ಯುಲಿಸ್‌ನಾಗಿ ಒಂದು ಕಾಲಿನ ಮೇಲೆ ಭಾರ ಬಿಟ್ಟು ನಿಲ್ಲಿಸಿರುವುದು ಕಾಣುತ್ತದೆ. ಫಲಕಗಳು ತಲೆಗಿಂತ ಎತ್ತರದಲ್ಲಿರುವುದರಿಂದ ಸಣ್ಣ ದುರ್ಬೀನು ಒಯ್ಯಿರಿ, ಮೇಲಿನ ಗ್ಯಾಲರಿಗೂ ತಪ್ಪದೆ ಹತ್ತಿರಿ. ಆಗಾಗ ಸಿಬ್ಬಂದಿಯೊಬ್ಬರು ನಾಲ್ಕಾರು ಸ್ವರ ಹಾಡಿ ಗುಮ್ಮಟದ ಮಾರ್ದನಿಯನ್ನು ಕೇಳಿಸುತ್ತಾರೆ. ಆಗ ಜನರೆಲ್ಲ ನಡುವೆ ಸೇರುತ್ತಾರಾದ್ದರಿಂದ, ಪೀಠದ ಸುತ್ತ ನಿರಾಳವಾಗಿ ನಿಲ್ಲಲು ಅದೇ ಸಮಯ.

ಫ್ಲಾರೆನ್ಸಿನಿಂದ ಪೀಸಾಕ್ಕೆ ರೈಲಿನಲ್ಲಿ ಸುಮಾರು ಒಂದು ಗಂಟೆ. ಪೀಸಾ ಚೆಂತ್ರಾಲೆ ನಿಲ್ದಾಣದಿಂದ ಚೌಕಕ್ಕೆ ಇಪ್ಪತ್ತು, ಇಪ್ಪತ್ತೈದು ನಿಮಿಷದ ನಡಿಗೆಯಿದೆ. ಸಾನ್ ರೊಸ್ಸೋರೆ ನಿಲ್ದಾಣದಲ್ಲಿ ಇಳಿದರೆ ಇನ್ನೂ ಹತ್ತಿರ. ಕಾಗದದ ಟಿಕೆಟ್ ಇದ್ದರೆ ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ಮುದ್ರೆ ಒತ್ತಿಸಿಕೊಳ್ಳಲೇಬೇಕು, ಇಲ್ಲವಾದರೆ ದಂಡ ಬೀಳುತ್ತದೆ. ಸಸ್ಯಾಹಾರಿಗಳಿಗೆ ಚೆಚೀನಾ ಎಂಬ ಕಡಲೆಹಿಟ್ಟಿನ ರೊಟ್ಟಿ ಸಿಗುತ್ತದೆ, ಹಸಿವಿಗೆ ಅದೇ ಸಾಕು.

ಸಿಯೆನಾಕ್ಕೆ ಒಂದು ಪೂರ್ತಿ ದಿನ ಇಡಿ. ಪೀಸಾದಿಂದ ಎಂಪೊಲಿಯಲ್ಲಿ ರೈಲು ಬದಲಿಸಬೇಕು. ಸಿಯೆನಾದ ನಿಲ್ದಾಣ ಗುಡ್ಡದ ಬುಡದಲ್ಲಿದೆ. ಎದುರಿನ ಕಟ್ಟಡದ ಒಳಗಿಂದ ಸಾಲು ಸಾಲು ಎಸ್ಕಲೇಟರ್‌ಗಳು ಮೇಲಕ್ಕೆ ಒಯ್ಯುತ್ತವೆ ಎಂದು ತಿಳಿಯದೆ ನಾನು ಬಿಸಿಲಲ್ಲಿ ಏರು ಹತ್ತಿದೆ. ಇಲ್ಲಿನ ಕ್ಯಾಥೆಡ್ರಲ್ ಪೀಠದ ಕರಾರು 1265ರ ಸೆಪ್ಟೆಂಬರ್ 29ರದು. ಅದರ ಪ್ರಕಾರ ದಿನಗೂಲಿ ನಿಕೊಲಾನಿಗೆ ಎಂಟು ಸೋಲ್ದಿ (ಆ ಕಾಲದ ಹಣ), ಶಿಷ್ಯರಾದ ಆರ್ನೋಲ್ಫೊ ಮತ್ತು ಲಾಪೊ ಇವರಿಗೆ ಆರಾರು, ಮಗ ಜೊವಾನ್ನಿ ಬಂದರೆ ಅವನಿಗೆ ನಾಲ್ಕು. ಆ ಆರು ಸೋಲ್ದಿಯ ಆರ್ನೋಲ್ಫೊ ಮುಂದೆ ಫ್ಲಾರೆನ್ಸಿನ ಕ್ಯಾಥೆಡ್ರಲ್‌ಗೆ ಮೊದಲ ನಕ್ಷೆ ಹಾಕಿದ. 1268ರಲ್ಲಿ ಮುಗಿದ ಈ ಪೀಠಕ್ಕೆ ಎಂಟು ಮೂಲೆ, ಏಳು ಫಲಕ. ಫಲಕಗಳ ನಡುವೆ ಕಂಬಗಳ ಬದಲು ಮೂರ್ತಿಗಳಿರುವುದರಿಂದ ಕಥೆ ಎಲ್ಲೂ ತುಂಡಾಗದೆ ಸುತ್ತುತ್ತದೆ. ಪೀಸಾದ ಗಂಭೀರ ನಿಲುವಿನ ಜಾಗದಲ್ಲಿ ಇಲ್ಲಿನ ಫಲಕಗಳಲ್ಲಿ ಆಕೃತಿಗಳ ಜಂಗುಳಿಯೇ ಇದೆ. ನನಗೆ ಪೀಸಾದ್ದೇ ಹೆಚ್ಚು ಹಿಡಿಸಿತು. ಕ್ಯಾಥೆಡ್ರಲ್ ಒಳಗೆ ಹೋಗಲು ಭುಜ ಮುಚ್ಚುವ ಬಟ್ಟೆ ತೊಟ್ಟಿರಬೇಕು.

ಮಗ ಜೊವಾನ್ನಿ ಕಲೆಯಲ್ಲಿ ತಂದೆಯಿಂದ ಎಷ್ಟು ದೂರ ಹೋದನೆಂದು ತಿಳಿಯಲು ಪಿಸ್ಟೋಯಾದ ಸಂತ ಆಂದ್ರೆಯಾ ಚರ್ಚಿಗೆ ಹೋಗಬೇಕು. 1301ರ ಪೀಠದ ಶಾಸನದಲ್ಲಿ ಜೊವಾನ್ನಿ ತಾನು ತಂದೆಗಿಂತ ಹೆಚ್ಚು ಬಲ್ಲವನೆಂದು ಹೇಳಿಸಿಕೊಂಡಿದ್ದಾನೆ. ಹೆರೋದ ರಾಜ ಕೂಸುಗಳನ್ನು ಕೊಲ್ಲಿಸುವ ಶಿಶುಹತ್ಯೆಯ ಫಲಕದಲ್ಲಿ ತಾಯಂದಿರ ಬಾಗಿದ ಬೆನ್ನುಗಳನ್ನು ನೋಡಿದರೆ ಆ ಮಾತನ್ನು ಬರೀ ಜಂಬವೆಂದು ತಳ್ಳಿಹಾಕಲಾಗದು. ಚರ್ಚು ಮಧ್ಯಾಹ್ನ ಮುಚ್ಚಿರಬಹುದು, ಸಮಯ ವಿಚಾರಿಸಿಕೊಂಡು ಹೊರಡಿ. ಪೀಸಾ ಕ್ಯಾಥೆಡ್ರಲ್‌ನಲ್ಲಿರುವ ಇವನದೇ ಇನ್ನೊಂದು ಪೀಠವನ್ನು 1595ರ ಬೆಂಕಿಯ ನಂತರ ಬಿಚ್ಚಿಟ್ಟಿದ್ದರು, ಮತ್ತೆ ಜೋಡಿಸಿದ್ದು 1926ರಲ್ಲಿ. ಫ್ಲಾರೆನ್ಸಿನ ಬ್ಯಾಪ್ಟಿಸ್ಟರಿಯ ಕಂಚಿನ ಬಾಗಿಲು ಮಾಡಿದ ಆಂದ್ರೆಯಾ ಪಿಸಾನೊ ಮಾತ್ರ ಇವರ ಮನೆಯವನಲ್ಲ. ಹೆಸರು ನೋಡಿ ಗೊಂದಲಕ್ಕೆ ಬೀಳಬಾರದು.

ಇನ್ನೊಂದು ದಿನ ಉಳಿದರೆ ಬೊಲೊನ್ಯಾದ ಸಂತ ದೊಮೆನಿಕೊ ಚರ್ಚಿಗೆ ಹೋಗಿ. ಅಲ್ಲಿನ ಸಂತನ ಸಮಾಧಿಯನ್ನು ನಿಕೊಲಾನ ಕಾರ್ಯಾಗಾರ 1260ರ ದಶಕದಲ್ಲಿ ಕೆತ್ತಿತು. 1494-95ರಲ್ಲಿ ಇಪ್ಪತ್ತರ ಹರೆಯದ ಮೈಕೆಲಾಂಜೆಲೊ ಅದಕ್ಕೆ ಮೂರು ಸಣ್ಣ ಮೂರ್ತಿಗಳನ್ನು ಸೇರಿಸಿದ. ದೀಪಸ್ತಂಭ ಹಿಡಿದ ದೇವದೂತರು ಇಬ್ಬರಿದ್ದಾರೆ. ಎದುರು ನಿಂತಾಗ ಬಲಕ್ಕಿರುವವನು ಮೈಕೆಲಾಂಜೆಲೊನವನು, ಬಹಳ ಜನ ಎಡಗಡೆಯವನ ಫೋಟೊ ತೆಗೆದುಕೊಂಡು ಹೋಗುತ್ತಾರೆ.