ತಲೆ ಸುತ್ತಿನ ಬಿಳಿ ಅಂಚು ಎಲ್ಲಿಂದ ಬಂತು

ದುರ್ಗದ ಕೋಟೆಯಲ್ಲಿ ತೆಗೆದ ಪ್ರಿವೆಡ್ಡಿಂಗ್ ಆಲ್ಬಂ ಶೀಟುಗಳು ಲ್ಯಾಬಿನಿಂದ ದಾವಣಗೆರೆಗೆ ಬಂದ ದಿನ ಪಾರ್ಟಿಯವರು, ಅಂದರೆ ಮದುವೆ ಮನೆಯವರು, ಸ್ಟುಡಿಯೋ ಕೌಂಟರಿನಲ್ಲೇ ಬಿಚ್ಚಿ ನೋಡಿದರು. ಹುಡುಗಿಯ ಅಣ್ಣ ಬೆರಳಿಟ್ಟು ಕೇಳಿದ್ದು ಒಂದೇ ಮಾತು: "ಇದೇನ್ರಿ, ತಲೆ ಸುತ್ತ ಬೆಳ್ಳಗೆ ಕಾಣ್ತೈತಲ್ಲ?" ಆಮೇಲೆ ಯಾರೂ ಮಾತಾಡಲಿಲ್ಲ. 12×36 ಇಂಚಿನ ಶೀಟು, ಹಿಂದೆ ಕಡುನೀಲಿ ಆಕಾಶ, ಇಬ್ಬರ ತಲೆಗೂ ಬಿಳಿ ಅಂಚು. ಒಮ್ಮೆ ಕಂಡರೆ ಕಣ್ಣು ಅಲ್ಲಿಂದ ಕದಲುವುದಿಲ್ಲ. ಓನರ್ ತಪ್ಪನ್ನು ಲ್ಯಾಬಿನವರ ಮೇಲೆ ಹಾಕಿ ನೋಡಿದರು. ಫೋಟೋಶಾಪಿನ ಪಿಎಸ್‌ಡಿ ಫೈಲ್ ತೆರೆದರೆ ಮಾನಿಟರಿನಲ್ಲೂ ಅದೇ ಅಂಚು ಕುಳಿತಿತ್ತು.

ಇದನ್ನು ಮಾಡಿದ್ದು ಆಕ್ಷನ್, ಅಂದರೆ ಒಮ್ಮೆ ರೆಕಾರ್ಡ್ ಮಾಡಿ ಎಲ್ಲ ಫೋಟೋ ಮೇಲೂ ಓಡಿಸುವ ಹಂತಗಳು. ಆಕಾಶ ಸೆಲೆಕ್ಟ್ ಮಾಡು, ಅಂಚು ಮಸುಕಾಗಲು ಫೆದರ್ 40 ಕೊಡು, ಕರ್ವ್ಸ್ ಹಾಕಿ ಬೆಳಕು ಇಳಿಸು, ಇಷ್ಟೇ ಅದರೊಳಗಿರುವುದು. ಅದನ್ನು ರೆಕಾರ್ಡ್ ಮಾಡಿದ್ದು 6000 ಪಿಕ್ಸೆಲ್ ಅಗಲದ ಫೋಟೋ ಮೇಲೆ. ಎರಡನೇ ಕ್ಯಾಮೆರಾದಲ್ಲಿ ಸ್ಮಾಲ್ ಜೆಪೆಗ್ ಇಟ್ಟಿದ್ದರು, ಅಗಲ 3000. ಫೆದರ್ ಎಣಿಸುವುದು ಪಿಕ್ಸೆಲ್ ಲೆಕ್ಕದಲ್ಲಿ. ಅದೇ 40 ಇಲ್ಲಿ ಎರಡರಷ್ಟು ಅಗಲವಾಗಿ ಹರಡಿತು.

ಫೆದರ್ ಅಂಚಿನ ಎರಡೂ ಬದಿಗೆ ಹರಡುತ್ತದೆ. ಕೂದಲ ಕಡೆ ಬಿದ್ದ ಅರ್ಧ ಕಪ್ಪನ್ನು ಇನ್ನಷ್ಟು ಕಪ್ಪು ಮಾಡಿತು, ಯಾರಿಗೂ ಕಾಣಲಿಲ್ಲ. ಆಕಾಶದ ಕಡೆ ಬಿದ್ದ ಅರ್ಧದಲ್ಲಿ ಕರ್ವ್ಸ್ ಪೂರ್ತಿ ಹಿಡಿಯಲೇ ಇಲ್ಲ, ಅಲ್ಲಿ ಹಳೆಯ ತಿಳಿ ಆಕಾಶ ಉಳಿಯಿತು. ಬಿಳಿ ಅಂಚು ಎಂದರೆ ಅದೇ.

ಸರಿಮಾಡಲು ಮತ್ತೆ ಸೆಲೆಕ್ಷನ್ ಮಾಡಬೇಕಿಲ್ಲ. ಕರ್ವ್ಸ್ ಲೇಯರಿನ ಮಾಸ್ಕ್ (ಬಿಳಿ ಇದ್ದಲ್ಲಿ ಕರ್ವ್ಸ್ ಹತ್ತುತ್ತದೆ, ಕಪ್ಪು ಇದ್ದಲ್ಲಿ ಇಲ್ಲ) ಮೇಲೆ ಕ್ಲಿಕ್ ಮಾಡಿ ಕಂಟ್ರೋಲ್ ಎಲ್ ಒತ್ತಿ, ಲೆವೆಲ್ಸ್ ತೆರೆಯುತ್ತದೆ. ಬಲತುದಿಯ ಬಿಳಿ ತ್ರಿಕೋನವನ್ನು 255ರಿಂದ 128ರ ಹತ್ತಿರ ತನ್ನಿ. ಅಂಚಿನ ನಡುವಿನಲ್ಲಿ ಮಾಸ್ಕಿನ ಬೆಲೆ ಸುಮಾರು ಅರ್ಧ ಇರುತ್ತದೆ. ಅದು ಪೂರ್ತಿ ಬಿಳಿಯಾದ ಕೂಡಲೇ ಆಕಾಶ ಕೂದಲು ಮುಟ್ಟುವವರೆಗೂ ಒಂದೇ ಸಮ ಇಳಿಯುತ್ತದೆ, ಮಸುಕು ಭಾಗವೆಲ್ಲ ಕಪ್ಪು ಕೂದಲೊಳಗೆ ಸೇರುತ್ತದೆ. ಕಿವಿ, ಕೆನ್ನೆ, ಬಿಳಿ ಅಂಗಿಯ ಭುಜ ಆಕಾಶಕ್ಕೆ ತಾಗುವ ಕಡೆ ಈ ಉಪಾಯ ನಡೆಯುವುದಿಲ್ಲ, ಚರ್ಮ ಮಂಕಾಗುತ್ತದೆ. ಅಲ್ಲಿ ಮಾಸ್ಕ್ ಮೇಲೆ ಕಪ್ಪು ಬ್ರಷ್, ಫ್ಲೋ 15, ಅಂಚು ಗಟ್ಟಿ. ಹಾರಾಡುವ ಕೂದಲೆಳೆಗೆ ಬ್ರಷ್ ಬೇಡ. ಲೇಯರ್ ಮೇಲೆ ಡಬಲ್ ಕ್ಲಿಕ್ ಮಾಡಿ, ಬ್ಲೆಂಡ್ ಇಫ್‌ನಲ್ಲಿ ಕೆಳಗಿನ ಪಟ್ಟಿಯ (ಅಡಿಯ ಫೋಟೋದ ಬೆಳಕಿನ ಅಳತೆ ಅದು) ಕಪ್ಪು ತ್ರಿಕೋನವನ್ನು ಆಲ್ಟ್ ಹಿಡಿದು ಸೀಳಿ, ಸುಮಾರು 60 ಮತ್ತು 110ಕ್ಕೆ. ಕಪ್ಪು ಎಳೆಗಳು ತಾವಾಗಿಯೇ ಹೊರಗುಳಿಯುತ್ತವೆ.

ಇಂಥ ಅಂಚು 100% ಝೂಮಿನಲ್ಲಿ ತಪ್ಪಿಸಿಕೊಳ್ಳುತ್ತದೆ. ಕಂಟ್ರೋಲ್ ಸೊನ್ನೆ ಒತ್ತಿ, ಇಡೀ ಫೋಟೋ ಪರದೆಗೆ ಬಂದಾಗ ನೋಡಿ.

ಇಷ್ಟೆಲ್ಲ ಕಷ್ಟಪಟ್ಟು ಭಾಗ ಭಾಗವಾಗಿ ಯಾಕೆ ಮಾಡಬೇಕು, ಇಡೀ ಫೋಟೋಗೆ ಕಾಂಟ್ರಾಸ್ಟ್ ಏರಿಸಿದರೆ ಆಗದೇ ಎಂದು ಹೊಸ ಹುಡುಗರು ಕೇಳುತ್ತಾರೆ. ಕರ್ವ್ಸ್‌ನ ಎರಡು ತುದಿ 0 (ಪೂರ್ತಿ ಕಪ್ಪು) ಮತ್ತು 255ಕ್ಕೆ (ಪೂರ್ತಿ ಬಿಳಿ) ಕಟ್ಟಿಹಾಕಿದವು. ಗೆರೆ ಎಲ್ಲಿ ಕಡಿದಾಗುತ್ತದೋ ಅಲ್ಲಿ ಕಾಂಟ್ರಾಸ್ಟ್ ಏರುತ್ತದೆ, ಅದಕ್ಕೆ ಬದಲಾಗಿ ಬೇರೆಲ್ಲೋ ಗೆರೆ ಚಪ್ಪಟೆಯಾಗಲೇಬೇಕು. ಗಿಡ್ಡ ಕಂಬಳಿಯಂತೆ, ತಲೆಗೆ ಎಳೆದರೆ ಕಾಲಿಗಿಲ್ಲ. ಧಾರೆ ಫೋಟೋ ತೆಗೆದುಕೊಳ್ಳಿ. ಕೋಟಿನ ಬಟ್ಟೆ 12ರಿಂದ 48ರ ನಡುವೆ ಇದೆ ಅನ್ನೋಣ. ಮಡಿಕೆ, ಗುಂಡಿ ಕಾಣಬೇಕಾದರೆ 12ನ್ನು 8ಕ್ಕೆ, 48ನ್ನು 70ಕ್ಕೆ ಒಯ್ಯಬೇಕು. ಇಡೀ ಫೋಟೋಗೆ ಇದನ್ನೇ ಮಾಡಿದರೆ ಮುಖದ ನೆರಳು ಮೇಲೆದ್ದು ಮೂಗು ಚಪ್ಪಟೆ, ಸೀರೆಯ ಜರಿ ಸಪ್ಪೆ. ಮಾಸ್ಕ್ ಕೋಟಿಗಷ್ಟೇ ಇದ್ದರೆ ಚಪ್ಪಟೆಯಾದ ಭಾಗದಲ್ಲಿ ಯಾವ ಪಿಕ್ಸೆಲ್ಲೂ ಇಲ್ಲ, ನಷ್ಟವೂ ಇಲ್ಲ.

ಜರಿಗೆ ಇನ್ನೊಂದು ಲೇಯರ್. ಕಂಟ್ರೋಲ್ ಆಲ್ಟ್ 2 ಒತ್ತಿದರೆ ಬೆಳಕಿನ ಭಾಗ ಸೆಲೆಕ್ಟ್ ಆಗುತ್ತದೆ. ಅದರ ಮೇಲೆ ಕರ್ವ್ಸ್ ಲೇಯರ್ ಹಾಕಿದರೆ ಆ ಸೆಲೆಕ್ಷನ್ನೇ ಮಾಸ್ಕ್ ಆಗುತ್ತದೆ, ಸೀರೆ ಬಿಟ್ಟು ಉಳಿದದ್ದನ್ನು ಕಪ್ಪು ಬ್ರಷ್ಷಿನಿಂದ ಮುಚ್ಚಿ. ಮೊದಲು ಲೆವೆಲ್ಸ್‌ನಲ್ಲಿ ಆಲ್ಟ್ ಹಿಡಿದು ಬಿಳಿ ತ್ರಿಕೋನ ಒತ್ತಿ ನೋಡಿ. ಜರಿ ಆಗಲೇ ಬೆಳ್ಳಗೆ ಹೊಳೆದರೆ ಅದು 255ಕ್ಕೆ ಹೋಗಿ ಸತ್ತಿದೆ, ಕರ್ವ್ಸ್ ಅದನ್ನು ಬದುಕಿಸಲಾರದು. ಮಂಟಪದ ಹಳದಿ ಲೈಟಿನಲ್ಲಿ ಕೆಂಪು ಚಾನೆಲ್ ಎಲ್ಲಕ್ಕಿಂತ ಮೊದಲು ತುಂಬಿಹೋಗುತ್ತದೆ, ಚೆಂಡುಹೂವಿನ ಹಾರದ ಎಸಳು ಅಳಿಸಿಹೋಗುವುದು ಹಾಗೆ.

ಕಾಂಟ್ರಾಸ್ಟಿಗೆಂದು ಹಾಕುವ ಪ್ರತಿ ಕರ್ವ್ಸ್ ಲೇಯರಿನ ಮೋಡನ್ನು, ಬೆಳಕಷ್ಟೇ ಬದಲಾಗುವ ಲ್ಯೂಮಿನಾಸಿಟಿಗೆ ಬದಲಿಸಿ. ನಾರ್ಮಲ್‌ನಲ್ಲಿ ಬಿಟ್ಟರೆ ಕಾಂಟ್ರಾಸ್ಟಿನ ಜೊತೆ ಬಣ್ಣವೂ ಗಾಢವಾಗುತ್ತದೆ, ಅರಿಶಿನ ಹಚ್ಚಿದ ಮುಖ ಕಿತ್ತಳೆಯಾಗುತ್ತದೆ. ನಮ್ಮಲ್ಲಿ ಅತಿ ಹೆಚ್ಚು ಮರೆತುಹೋಗುವುದು ಇದೇ, ಅತಿ ಹೆಚ್ಚು ರಿಪ್ರಿಂಟ್ ಬರುವುದೂ ಇದರಿಂದಲೇ.

ಕೋಟೆಯ ಬಂಡೆಗೆ ಕರ್ವ್ಸ್‌ಗಿಂತ ಅನ್‌ಶಾರ್ಪ್ ಮಾಸ್ಕ್ ಒಳ್ಳೆಯದು: ಅಮೌಂಟ್ 20, ರೇಡಿಯಸ್ 50, ಥ್ರೆಶೋಲ್ಡ್ 0. ಫೋಟೋ ಲೇಯರಿನ ನಕಲಿನ ಮೇಲೆ ಇದನ್ನು ಮಾಡಿ, ಅದಕ್ಕೆ ಕಪ್ಪು ಮಾಸ್ಕ್ ಹಾಕಿ, ಬಂಡೆ ಇರುವಲ್ಲಿ ಮಾತ್ರ ಬಿಳಿ ಬ್ರಷ್ ಆಡಿಸಿ. ಕಲ್ಲಿನ ಉಬ್ಬುತಗ್ಗು ಎದ್ದು ಬರುತ್ತದೆ. ಇದು 6000 ಪಿಕ್ಸೆಲ್ ಫೋಟೋದ ಲೆಕ್ಕ, 3000ದ್ದಾದರೆ ರೇಡಿಯಸ್ 25. ಮುಖದ ಮೇಲೆ ಮಾತ್ರ ಇದನ್ನು ತರಬೇಡಿ. ಕಣ್ಣಕೆಳಗಿನ ಕಪ್ಪು, ಮೊಡವೆ ಕಲೆ ಎಲ್ಲ ಮೇಲೇಳುತ್ತವೆ. ಮದುವೆ ಹೆಣ್ಣಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಇಲ್ಲ.

ಕೋಟಿನ ಆ 12ರಿಂದ 48ರಲ್ಲಿ, 8 ಬಿಟ್ ಜೆಪೆಗ್ ಆದರೆ, ಇರುವುದೇ 37 ಮೆಟ್ಟಿಲು. ಅದನ್ನು 63ಕ್ಕೆ ಹಿಗ್ಗಿಸಿದಾಗ ನಡುವೆ ಖಾಲಿ ಬೀಳುತ್ತದೆ, ನಾಯ್ಸ್ ಜೊತೆಗೆ ಜೆಪೆಗ್‌ನ 8×8ರ ಚೌಕಗಳೂ ತೇಲುತ್ತವೆ. ರಾ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಫೈಲ್) ಇದ್ದರೆ 16 ಬಿಟ್‌ನಲ್ಲಿ ತೆರೆದು ಈ ಕೆಲಸ ಮುಗಿಸಿ, ಲ್ಯಾಬಿಗೆ ಕಳಿಸುವಾಗ 8ಕ್ಕೆ ಇಳಿಸಿ. ಕಾರ್ಡ್ ತುಂಬುತ್ತದೆಂದು ರಾ ಬೇಡ ಅನ್ನುವ ಓನರುಗಳಿಗೆ ಒಂದು ರಿಪ್ರಿಂಟ್ ಶೀಟಿನ ಬೆಲೆ ತೋರಿಸಬೇಕು. ದಿನಕ್ಕೆ ಇಷ್ಟು ಶೀಟು ಎಂದು ಗುರಿ ಕೊಟ್ಟರೆ ಡಿಸೈನರ್ ಆಕ್ಷನ್ ಓಡಿಸದೆ ಇನ್ನೇನು ಮಾಡಿಯಾನು?

ಕೋಟೆಯ ಆ ಶೀಟು ಮಾಸ್ಕ್ ಸರಿಮಾಡಿ ಮತ್ತೆ ಲ್ಯಾಬಿಗೆ ಹೋಯಿತು. ಲೇಯರುಗಳು ಪಿಎಸ್‌ಡಿಯಲ್ಲಿ ಹಾಗೇ ಇದ್ದುದರಿಂದ ಅಷ್ಟಕ್ಕೇ ಮುಗಿಯಿತು. ಜಾಗ ಉಳಿಸಲು ಫ್ಲಾಟ್ ಮಾಡಿ, ಅಂದರೆ ಲೇಯರೆಲ್ಲ ಒಂದೇ ಆಗಿ ಬೆರೆಸಿ ಇಟ್ಟಿದ್ದರೆ ಕಲರ್ ಕರೆಕ್ಷನ್‌ನಿಂದ ಎಲ್ಲ ಹೊಸದಾಗಿ ಶುರುಮಾಡಬೇಕಿತ್ತು. ಆಲ್ಬಂ ಪಾರ್ಟಿಯ ಕೈಸೇರುವವರೆಗೂ ಫ್ಲಾಟ್ ಮಾಡಬೇಡಿ.