ಏಳು ಎಲ್ಲೋ?

ಅಮೆರಿಕದ ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಪಕ್ಕದ ಮನೆಯ ಒಂಬತ್ತು ವರ್ಷದ ಹುಡುಗ, ಸ್ಕೂಲಿಗೆ ರಜೆ ಅಂತ, ಮಂಡ್ಯದ ಅಜ್ಜಿಯ ಜೊತೆ ಡಯಾಬಿಟಿಸ್ ಕ್ಲಾಸಿಗೆ ಹೋಗಿದ್ದ. ಬಂದವನೇ ಕೇಳಿದ: "ಆ ಆಂಟಿ ಎಲ್ಲರಿಗೂ ಅದೇ ಅದೇ ಹೇಳ್ತಾಳೆ. ಅವಳಿಗೆ ಬೋರ್ ಆಗಲ್ವಾ?"

"ಹೇಳ್ತಾರೆ ಅನ್ನೋ," ಎಂದು ಅಜ್ಜಿ ತಿದ್ದಿದರು. ಪ್ರಶ್ನೆ ಹಾಗೇ ಉಳಿಯಿತು.

ಆ ಆಂಟಿಯಂಥವರು ಡಯಾಬಿಟಿಸ್ ಎಜುಕೇಟರ್‌ಗಳು, ಸಕ್ಕರೆ ಕಾಯಿಲೆ ನಿಭಾಯಿಸುವುದನ್ನು ರೋಗಿಗಳಿಗೆ ಕಲಿಸುವವರು. ಹೇಳಿದ್ದನ್ನೇ ಹೇಳಿ ಅವರು ಸುಸ್ತಾಗುವುದು ಕಡಿಮೆ. ಅವರನ್ನು ಹಿಂಡುವುದು ಲೆಕ್ಕಕ್ಕೆ ಬಾರದ ಗಂಟೆಗಳು. ಮೆಡಿಕೇರ್, ಅಂದರೆ ಮುಖ್ಯವಾಗಿ ವಯಸ್ಸಾದವರಿಗಿರುವ ಇಲ್ಲಿನ ಸರ್ಕಾರಿ ಆರೋಗ್ಯ ವಿಮೆ, ಮೊದಲ ವರ್ಷಕ್ಕೆ ಕೊಡುವುದು 10 ಗಂಟೆಯ ಪಾಠ: ಸಾಮಾನ್ಯವಾಗಿ 1 ಗಂಟೆ ಒಬ್ಬೊಬ್ಬರಿಗೇ, 9 ಗಂಟೆ ಗುಂಪಿನಲ್ಲಿ. ಆಮೇಲೆ ವರ್ಷಕ್ಕೆ 2. ಬಿಲ್ ಆಗುವುದು ಅರ್ಧ ಗಂಟೆಯ ತುಂಡುಗಳಲ್ಲಿ, ಅದೂ ಪಾಠ ನಡೆದರೆ ಮಾತ್ರ. ಸಕ್ಕರೆ ಅಳೆಯಲು ಮೈಗೆ ಅಂಟಿಸಿದ ಸೆನ್ಸರ್ ಕಿತ್ತುಬಂತು ಅಂತ ಬರುವ ಫೋನು, ಇನ್ಶೂರೆನ್ಸಿನವರ ಅನುಮತಿ ಫಾರಂ, ಡಾಕ್ಟರ ಸಹಿಯಿಲ್ಲದ ರೆಫರಲ್ (ಕ್ಲಾಸಿಗೆ ಕಳಿಸುವ ಚೀಟಿ) ಹಿಂದಿನ ಓಡಾಟ, ಇದ್ಯಾವುದಕ್ಕೂ ಕಾಸಿಲ್ಲ. ಎಂಟು ಜನರ ಕ್ಲಾಸಿಗೆ ಮೂವರು ತಪ್ಪಿಸಿಕೊಂಡರೆ ಮ್ಯಾನೇಜರ್ ಕೇಳುವುದು ಎಜುಕೇಟರನ್ನೇ. ಹಿಮ ಬಿದ್ದದ್ದು ಅವರ ತಪ್ಪೇ?

ಕೆಲಸದ ರುಚಿ ಇರುವುದು ಬೇರೆ ಕಡೆ. ಹೊಕ್ಕುಳ ಪಕ್ಕ ಒಂದೇ ಜಾಗಕ್ಕೆ ಇನ್ಸುಲಿನ್ ಚುಚ್ಚುತ್ತಿದ್ದರೆ ನೋವು ಅಷ್ಟಾಗಿ ಗೊತ್ತಾಗದು. ಅಜ್ಜಿಯಂಥವರು ಆ ಜಾಗ ಬಿಡುವುದಿಲ್ಲ. ಅಲ್ಲಿ ಕೊಬ್ಬು ಗಂಟುಕಟ್ಟುತ್ತದೆ, ಇನ್ಸುಲಿನ್ ಸರಿಯಾಗಿ ರಕ್ತಕ್ಕೆ ಸೇರದು, ಸಕ್ಕರೆ ಏರುತ್ತದೆ, ಅದರ ಹಿಂದೆಯೇ ಡೋಸ್ ಕೂಡ. ಕಂಪ್ಯೂಟರ್ ಗ್ರಾಫಿನಲ್ಲಿ ಈ ಗಂಟು ಕಾಣುವುದಿಲ್ಲ, ಬೆರಳಿನಿಂದ ಒತ್ತಿ ನೋಡಿದವರಿಗೆ ಸಿಗುತ್ತದೆ. ಸಿಕ್ಕಮೇಲೂ ಹುಷಾರು: ಹೊಸ ಜಾಗಕ್ಕೆ ಹಳೆಯ ಡೋಸನ್ನೇ ಹಾಕಿದರೆ ಸಕ್ಕರೆ 70ರ ಕೆಳಗೆ ಬೀಳಬಹುದು, ಡಾಕ್ಟರನ್ನು ಕೇಳಿ ಡೋಸ್ ಹೊಂದಿಸಿಕೊಂಡೇ ಬದಲಿಸಬೇಕು. ಮೂರು ತಿಂಗಳಿಗೆ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ರಕ್ತಪರೀಕ್ಷೆ) ಇಳಿದರೆ ರಿಪೋರ್ಟ್ ಹೋಗುವುದು ಡಾಕ್ಟರ ಮೇಜಿಗೆ. ಗಂಟು ಹುಡುಕಿದವರಿಗೆ ಎಷ್ಟೋ ಸಲ ಸುದ್ದಿಯೇ ಇಲ್ಲ. ಹುಮ್ಮಸ್ಸು ಬತ್ತುವುದು ಅಲ್ಲಿ.

ಇದಕ್ಕೆ ಯೋಗ ಕ್ಲಾಸು, ಕೇಕು ಮದ್ದಲ್ಲ. ತಾವು ಕಲಿಸಿದವರ ಎಚ್‌ಬಿಎ1ಸಿ ಪಟ್ಟಿ ತಿಂಗಳಿಗೊಮ್ಮೆ ಕೈಗೆ ಬರಲಿ. ನೋಟ್ಸ್ ಬರೆಯಲು ದಿನಕ್ಕೆ ಅರ್ಧ ಗಂಟೆ, ಯಾರಿಗೂ ಅಪಾಯಿಂಟ್‌ಮೆಂಟ್ ಕೊಡದೆ, ಮೀಸಲಿಡಲಿ. ಫೋನಿಗೆ ಸರದಿ ಇರಲಿ.

ಇಷ್ಟು ಗೊಣಗಿದರೂ ಇಲ್ಲಿ ಆ ಕೆಲಸಕ್ಕೊಂದು ಹೆಸರಿದೆ, ಕುರ್ಚಿಯಿದೆ. ಊರಿನಲ್ಲಿ ಬಹಳ ಕಡೆ ಸಿಸ್ಟರೇ ಡ್ರೆಸ್ಸಿಂಗ್, ಡ್ರಿಪ್ ನಡುವೆ ಇನ್ಸುಲಿನ್ ಪೆನ್ ಹಿಡಿಯುವುದನ್ನೂ ಹೇಳಿಕೊಡಬೇಕು. "ಅನ್ನ ಬಿಡಿ, ಮುದ್ದೆ ತಿನ್ನಿ" ಎಂಬಲ್ಲಿಗೆ ಪಾಠ ಮುಗಿದರೆ ಅದು ಸೋಮಾರಿತನವಲ್ಲ. 100 ಗ್ರಾಂ ರಾಗಿ ಹಿಟ್ಟಿನಲ್ಲೂ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟ್ ಇದೆ, ಮುದ್ದೆಯ ಗಾತ್ರ ನೋಡಿಕೊಳ್ಳಿ ಎಂದು ಕೂತು ವಿವರಿಸಲು ಅವರಿಗೆ ಹೊತ್ತೆಲ್ಲಿ? ಆದರೆ "ಅಜ್ಜೀ, ಹೊಟ್ಟೆ ತೋರ್ಸಿ" ಎನ್ನಲು ಅವರಿಗೆ ದುಭಾಷಿಯ ಫೋನ್ ಬೇಡ.

ಈಗ ಪಕ್ಕದ ಮನೆಯಲ್ಲಿ ರಾತ್ರಿ ಊಟಕ್ಕೆ ಮುಂಚೆ ಇದೇ ಕೆಲಸ. ಪೆನ್ನಿನಿಂದ 2 ಯೂನಿಟ್ ಇನ್ಸುಲಿನ್ ಗಾಳಿಗೆ ಬಿಟ್ಟು ಸೂಜಿ ತುದಿಯಲ್ಲಿ ಹನಿ ಬಂತೇ ನೋಡುವುದು. ನಿನ್ನೆಯ ಜಾಗದಿಂದ ಒಂದು ಬೆರಳು ದೂರಕ್ಕೆ ನೇರವಾಗಿ ಚುಚ್ಚುವುದು. ಗುಂಡಿ ಪೂರ್ತಿ ಒತ್ತಿ ಹತ್ತು ಎಣಿಸುವುದು. ಎಣಿಕೆ ಮೊಮ್ಮಗನದು, ಕನ್ನಡದಲ್ಲಿ. ಆರಾದ ಮೇಲೆ ಎಂಟಕ್ಕೆ ಹಾರುತ್ತಾನೆ.

"ಏಳು ಎಲ್ಲೋ? ಮೊದಲಿಂದ ಹೇಳು," ಅಂತಾರೆ ಅಜ್ಜಿ, ಸೂಜಿ ಇನ್ನೂ ಹೊಟ್ಟೆಯಲ್ಲಿರುವಾಗಲೇ.